ಬ್ರಿಟನಿಯ ನಾಲೆ ಏರಿಯ ಮೇಲೆ

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ, ಬ್ರಿಟನಿ ಎಂಬ ಸೀಮೆಯಲ್ಲಿ, ಯುದ್ಧಕ್ಕೆಂದು ತೋಡಿಸಿ ಯುದ್ಧಕ್ಕೆ ಒದಗದೇ ಹೋದ ಒಂದು ನಾಲೆಯಿದೆ. ನಾಂತ್ ನಗರದಿಂದ ಬ್ರೆಸ್ಟ್ ಬಂದರಿನ ಕಡೆಗೆ 364 ಕಿಲೋಮೀಟರ್. ಇಂಗ್ಲಿಷರ ಹಡಗುಗಳು ಬ್ರೆಸ್ಟಿನ ಬಾಯಿ ಕಟ್ಟಿ ನಿಂತಿದ್ದ ಕಾಲ ಅದು. ಅವರ ಕಣ್ಣಿಗೆ ಬೀಳದೆ ಒಳನಾಡಿನಿಂದಲೇ ನೌಕಾನೆಲೆಗೆ ಸರಂಜಾಮು ಸಾಗಿಸಬೇಕೆಂದು ನೆಪೋಲಿಯನ್ 1811ರಲ್ಲಿ ಕೆಲಸ ಹಚ್ಚಿಸಿದ. ಅದು ಮುಗಿದದ್ದು 1842ರಲ್ಲಿ. ಅಷ್ಟರಲ್ಲಿ ನೆಪೋಲಿಯನ್ನೂ ಹೋಗಿದ್ದ, ಆ ಯುದ್ಧವೂ ಹೋಗಿತ್ತು. ಉಳಿದದ್ದು ನೀರು, ದೋಣಿಗಳನ್ನು ಗುಡ್ಡ ಹತ್ತಿಸಿ ಇಳಿಸುವ ಇನ್ನೂರಕ್ಕೂ ಹೆಚ್ಚು ಲಾಕ್‌ಗಳು, ದೋಣಿ ಎಳೆಯುವ ಕುದುರೆಗಳಿಗೆಂದು ದಂಡೆಯುದ್ದಕ್ಕೂ ಮಾಡಿದ ಒಂದು ದಾರಿ. ಆ ದಾರಿಯಲ್ಲಿ ಈಗ ಸೈಕಲ್ಲುಗಳು ಓಡಾಡುತ್ತವೆ.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ನಾನು ಮೊದಲು ಹೇಳಿದ್ದು ಒಂದೇ ಮಾತು: ಬೆಳಗಿನಿಂದ ಸಂಜೆಯವರೆಗೆ ತುಳಿದರೂ ಒಂದು ಕಾರು ಎದುರಾಗಲಿಲ್ಲ, ಒಂದು ಹಾರ್ನ್ ಕೇಳಲಿಲ್ಲ. ‘ಅಬ್ಬಾ, ಪುಣ್ಯವಂತೆ’ ಎಂದರು. ನಾನೂ ಹೂಂಗುಟ್ಟಿದೆ. ಹೇಳುತ್ತಾ ಹೇಳುತ್ತಾ ಆ ಮಾತು ನನಗೇ ಅರ್ಧಂಬರ್ಧ ಅನ್ನಿಸತೊಡಗಿತು. ಗಾಡಿಯಿಲ್ಲದ ದಾರಿ ಅಂದರೆ ಯಾರೋ ಗಾಡಿಗಳನ್ನು ತಡೆದು ನಿಲ್ಲಿಸಿದ ದಾರಿ ಎಂದು ಹೋಗುವ ಮುಂಚೆ ತಿಳಿದುಕೊಂಡಿದ್ದೆ. ಅಲ್ಲಿ ತಡೆಗಂಬಗಳಿರುವುದು ನಿಜ. ಆದರೆ ಆ ದಾರಿ ಖಾಲಿಯಾದದ್ದು ಕಂಬಗಳಿಂದಲ್ಲ.

ನಾನು ಹುಟ್ಟಿ ಬೆಳೆದದ್ದು ಪಾಂಡವಪುರದ ಕಡೆ. ಇರ್ವಿನ್ ನಾಲೆ ಎಂದು ಹುಟ್ಟಿ ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿ.ಸಿ. ನಾಲೆ ನಮ್ಮ ಗದ್ದೆಗಳ ಮಗ್ಗುಲಲ್ಲೇ ಹರಿಯುತ್ತದೆ. ಹೈಸ್ಕೂಲಿಗೆ ಹೋಗುತ್ತಿದ್ದದ್ದು ಅಣ್ಣನ ಹಳೇ ಸೈಕಲ್ಲಿನಲ್ಲಿ, ನಾಲೆ ಏರಿಯ ಮೇಲೆ. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ತೂಬಿನ ಬಳಿ ಜಗಳಕ್ಕೆ ನಿಂತವರು, ಕಬ್ಬಿನ ಗಾಡಿಗಳು ಎಲ್ಲ ಸೇರಿ ಏರಿ ಗಿಜಿಗುಟ್ಟುತ್ತಿತ್ತು. ಅಷ್ಟು ದೂರಕ್ಕೂ ನನಗೆ ಅಳುಕಿರಲಿಲ್ಲ. ಯಾರೂ ಇಲ್ಲದ ಒಂದು ತಿರುವಿತ್ತು, ಅಲ್ಲಿ ಮಾತ್ರ ಉಸಿರು ಬಿಗಿಹಿಡಿದು ತುಳಿಯುತ್ತಿದ್ದೆ. ‘ಹೊತ್ತು ಮುಳುಗಿದ ಮೇಲೆ ಏರಿ ಮೇಲೆ ಬರಬ್ಯಾಡ’ ಎನ್ನುವುದು ಅವ್ವನ ಕಟ್ಟಪ್ಪಣೆ. ಜನ ಇರುವ ದಾರಿ ನಂಬಿಕೆಯ ದಾರಿ, ಖಾಲಿ ದಾರಿ ಭಯದ್ದು. ಈ ಲೆಕ್ಕ ಮೈಗೆ ಇಳಿದುಹೋಗಿತ್ತು.

ನನ್ನನ್ನು ಬ್ರಿಟನಿಗೆ ಎಳೆದದ್ದು ಚಿಕ್ಕಮ್ಮನ ಮಗ. ರೆನ್ ನಗರದಲ್ಲಿ ಇಂಜಿನಿಯರು. ಹೆಂಡತಿ, ಇಬ್ಬರು ಮಕ್ಕಳು ಅಲ್ಲೇ. ‘ಒಂದ್ಸಲ ಬಾ ಅಕ್ಕ, ನಿಂಗೆ ಇಲ್ಲಿನ ನಾಲೆ ಏರಿ ತೋರಿಸ್ತೀನಿ’ ಎಂದು ವರ್ಷಗಳಿಂದ ಫೋನಿನಲ್ಲಿ ಹೇಳುತ್ತಿದ್ದ. ಅವನದು ದಪ್ಪ ಟೈರಿನ ಗ್ರಾವೆಲ್ ಬೈಕು. ನನಗೆ ಬಾಡಿಗೆಗೆ ತಂದಿದ್ದು ಎರಡೂ ಬದಿ ಚೀಲ ಕಟ್ಟಿದ ನಿಧಾನಸ್ಥ ಸೈಕಲ್ಲು.

ಮೊದಲು ತುಳಿದದ್ದು ನಾಲೆಯ ದಂಡೆಯನ್ನಲ್ಲ, ರೈಲಿನ ಹಾದಿಯನ್ನು. ಮೊರ್ಲೇ ಪಟ್ಟಣದ ನೆತ್ತಿಯ ಮೇಲೆ ಕಲ್ಲಿನ ಕಮಾನುಗಳ ದೊಡ್ಡ ರೈಲು ಸೇತುವೆಯಿದೆ. ಅಲ್ಲಿಂದ ದಕ್ಷಿಣಕ್ಕೆ ಕಾರೇ ಎಂಬ ಊರಿಗೆ 1891ರಲ್ಲಿ ಮೀಟರ್ ಗೇಜ್ ರೈಲು ಬಂತು. 1967ರಲ್ಲಿ ಅದು ನಿಂತುಹೋಯಿತು. ಹಳಿ ಕಿತ್ತ ಜಾಗದಲ್ಲಿ ಈಗ ಜಲ್ಲಿಪುಡಿ ಹಾಕಿ ದಮ್ಮಸ್ಸು ಮಾಡಿದ ದಾರಿ. ರೈಲಿಗೆ ಕಡಿದಾದ ಏರು ಆಗದಲ್ಲ, ಹಾಗಾಗಿ ಈ ದಾರಿ ಗುಡ್ಡವನ್ನು ಏರುವುದು ಕಾಲಿಗೆ ಗೊತ್ತೇ ಆಗುವುದಿಲ್ಲ. ಬ್ರಿಟನಿಯ ಅತಿ ಎತ್ತರದ ಬೆಟ್ಟಸಾಲನ್ನೇ ದಾಟುತ್ತಿದ್ದೇವೆ ಎಂದ ತಮ್ಮ. ಎಷ್ಟು ಎತ್ತರ ಎಂದೆ. 385 ಮೀಟರ್ ಅಂತೆ. ಮೇಲುಕೋಟೆ ಬೆಟ್ಟ ನೋಡಿಕೊಂಡು ಬೆಳೆದವಳಿಗೆ ನಗು ಬಂತು. ಆದರೆ ಆ ತಗ್ಗು ಬೆಟ್ಟಗಳಿಗೆ ಅಟ್ಲಾಂಟಿಕ್ ಸಮುದ್ರದ ಮೋಡ ಬಂದು ತಗುಲಿ, ಬಿಟ್ಟೂ ಬಿಡದೆ ಸೋನೆ ಹಿಡಿದಾಗ ನಗು ನಿಂತಿತು.

ಜೂನ್ ತಿಂಗಳು. ದಾರಿಯ ಎರಡೂ ಬದಿ ಎದೆಮಟ್ಟದ ಜರಿಗಿಡ, ಅದರ ನಡುವೆ ಉದ್ದ ಕಡ್ಡಿಗೆ ಗಂಟೆ ಕಟ್ಟಿದಂಥ ನೇರಳೆ ಬಣ್ಣದ ಫಾಕ್ಸ್‌ಗ್ಲವ್ ಹೂಗಳು. ನೋಡಲು ಚಂದ, ತಿಂದರೆ ವಿಷ. ಹೃದಯದ ಔಷಧಿ ಡಿಜಿಟಾಲಿಸ್ ಬರುವುದು ಇದೇ ಕುಲದ ಗಿಡಗಳಿಂದ. ಆಗಾಗ ಹಳೇ ನಿಲ್ದಾಣಗಳು ಎದುರಾಗುತ್ತವೆ. ಪ್ಲಾಟ್‌ಫಾರಮ್ಮಿನ ಅಂಚುಗಲ್ಲು ಹಾಗೇ ಇದೆ, ಮೇಲೆ ಯಾರದೋ ಗುಲಾಬಿ ಕುಂಡ. ಟಿಕೆಟ್ ಕೊಡುತ್ತಿದ್ದ ಕಿಟಕಿಗೆ ಲೇಸಿನ ಪರದೆ. ಟೈರಿನ ಕೆಳಗೆ ಗರಸು ಚರಚರ ಎನ್ನುತ್ತಿತ್ತು, ಬೇರೆ ಸದ್ದೇ ಇಲ್ಲ. ಮೊದಲ ದಿನ ನಾನು ಹತ್ತು ನಿಮಿಷಕ್ಕೊಮ್ಮೆ ಹಿಂದಿರುಗಿ ನೋಡುತ್ತಿದ್ದೆ. ‘ಏನ್ ನೋಡ್ತಿದ್ದೀಯಕ್ಕ?’ ಎಂದ ತಮ್ಮ. ಲಾರಿ ಬಂತೇನೋ ಅಂತ ಎಂದೆ. ಅದು ಪೂರ್ತಿ ನಿಜವಲ್ಲ.

ಕಾರೇಯಲ್ಲಿ ಕ್ರೆಪ್ ಎಂಬ ತೆಳು ದೋಸೆ ಮಾರುವ ಒಂದು ಅಂಗಡಿಗೆ ಹೊಕ್ಕೆವು. ಒಡತಿ ನನ್ನ ಮುಖ ನೋಡಿದವಳೇ ‘ಪಾರಿ–ಬ್ರೆಸ್ಟ್–ಪಾರಿ?’ ಎಂದಳು. ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ, 1891ರಲ್ಲಿ ಶುರುವಾದ ಸೈಕಲ್ ಪಂಥ ಅದು. ಈಗ ನಾಲ್ಕು ವರ್ಷಕ್ಕೊಮ್ಮೆ, ಸುಮಾರು 1200 ಕಿಲೋಮೀಟರನ್ನು ತೊಂಬತ್ತು ತಾಸಿನೊಳಗೆ ತುಳಿದು ಮುಗಿಸಬೇಕು. ಪಂಥ ಈ ಊರಿನ ಮೂಲಕವೇ ಹಾಯುತ್ತದೆ. ಈಚಿನ ಪಂಥಗಳಲ್ಲಿ ಭಾರತದಿಂದ ಬಂದವರ ಗುಂಪು ದೊಡ್ಡದು, ಬೆಂಗಳೂರಿನ ಸವಾರರೂ ಅದರಲ್ಲಿರುತ್ತಾರೆ. ರಾತ್ರಿ ಎರಡು ಗಂಟೆಗೆ ತನ್ನ ಅಂಗಡಿ ಬಾಗಿಲಲ್ಲಿ ಕುಳಿತು ನಿದ್ದೆಗಣ್ಣಲ್ಲಿ ತಿಂದ ಹುಡುಗರನ್ನು ಆಕೆ ನೆನೆದಳು. ‘ಎಲ್ಲರೂ ಮಾಂಸ ಬೇಡ, ಮಾಂಸ ಬೇಡ ಎನ್ನುತ್ತಿದ್ದರು.’ ಹಾಗಾಗಿ ನಾನು ಬಾಯಿ ತೆರೆಯುವ ಮೊದಲೇ ಹಂದಿಮಾಂಸ ಬಿಟ್ಟು ಬರೀ ಮೊಟ್ಟೆ, ಚೀಸ್ ಹಾಕಿ ಗಾಲೆತ್ ತಂದಿಟ್ಟಳು. ಮಂಡ್ಯದವಳಿಗೆ ಇದೆಂಥ ಶಿಕ್ಷೆ! ಆಕೆಯ ಅಕ್ಕರೆ ನೋಡಿ ಸುಮ್ಮನಾದೆ. ತಮ್ಮ ಎದುರಿಗೆ ಕೂತು ಹಂದಿಮಾಂಸದ ಗಾಲೆತ್ತನ್ನು ನಿಧಾನವಾಗಿ, ನನಗೆ ಕಾಣುವಂತೆ ತಿಂದ.

ಗಾಲೆತ್ ಮಾಡುವುದು ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನಿಂದ. ಗೋಧಿ ಒಪ್ಪದ ಬಡ ನೆಲದಲ್ಲೂ ಬರುವ ಕಾಳು. ಬಣ್ಣ, ಅಂಚಿನ ಗರಿ, ಸಣ್ಣ ತೂತುಗಳು, ಒಂದು ಚೂರು ಕಹಿ ಎಲ್ಲವೂ ಸೇರಿ ಥೇಟ್ ತೆಳ್ಳಗಿನ ರಾಗಿ ದೋಸೆ. ಬಡವರ ಹೊಟ್ಟೆ ಹೊರೆದ ಈ ಕಾಳಿಗೂ ರಾಗಿಯ ಹಾಗೇ ಈಗ ಪೇಟೆಯಲ್ಲಿ ಬೆಲೆ ಬಂದಿದೆ. ಮೇಲೆ ಉಪ್ಪು ಬೆಣ್ಣೆ. ಫ್ರಾನ್ಸಿನ ಬೇರೆ ಕಡೆ ಬೆಣ್ಣೆಗೆ ಉಪ್ಪು ಹಾಕುವ ರೂಢಿ ಕಡಿಮೆ. ಅರಸರ ಕಾಲದಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆಯಿತ್ತು, ಬ್ರಿಟನಿಗೆ ಅದರಿಂದ ವಿನಾಯಿತಿ. ಇವರು ಧಾರಾಳವಾಗಿ ಬೆಣ್ಣೆಗೆ ಉಪ್ಪು ಹಾಕಿಟ್ಟುಕೊಂಡರು. ಅರಸರ ಆ ತೆರಿಗೆ ಹೋಗಿ ಇನ್ನೂರು ವರ್ಷವಾದರೂ ನಾಲಗೆ ಬಿಟ್ಟಿಲ್ಲ.

ಕಾರೇಯ ಆಚೆ ನಾಲೆ ಸಿಕ್ಕಿತು. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ಉದ್ದ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರು ತುಂಬಿಸಿದರೆ ದೋಣಿ ಮೇಲೇಳುತ್ತದೆ, ನೀರು ಬಿಟ್ಟರೆ ಇಳಿಯುತ್ತದೆ. ಒಂದೊಂದರ ಪಕ್ಕದಲ್ಲೂ ಬಾಗಿಲು ಕಾಯುವವನಿಗೆ ಒಂದು ಪುಟ್ಟ ಮನೆ. ಗೋಡೆಯ ಮೇಲೆ ಲಾಕಿನ ಹೆಸರು, ಹಿಂದಿನದು ಎಷ್ಟು ದೂರ, ಮುಂದಿನದು ಎಷ್ಟು ದೂರ ಎಂಬ ಫಲಕ. ಈ ಭಾಗದಲ್ಲಿ ಎಷ್ಟೋ ಲಾಕ್‌ಗಳಿಗೆ ಈಗ ಬಾಗಿಲೇ ಇಲ್ಲ. ನೀರು ಧುಮುಕುತ್ತಾ ಹೋಗುತ್ತದೆ, ದೋಣಿ ಬರುವುದಿಲ್ಲ.

ಗ್ಲೊಮೆಲ್ ಬಳಿ ನಾಲೆ ತನ್ನ ಅತಿ ಎತ್ತರದ ಜಾಗಕ್ಕೆ ಬರುತ್ತದೆ. ಎರಡು ಕಣಿವೆಗಳ ನಡುವಿನ ದಿಣ್ಣೆಯನ್ನು ಸುಮಾರು ಮೂರು ಕಿಲೋಮೀಟರ್ ಉದ್ದ, ಇಪ್ಪತ್ತು ಮೀಟರಿಗೂ ಮಿಕ್ಕಿದ ಆಳಕ್ಕೆ ಸೀಳಿದ್ದಾರೆ. 1823ರಿಂದ 1832ರವರೆಗೆ ಕೈದಿಗಳು ಗುದ್ದಲಿ, ತಳ್ಳುಗಾಡಿ ಹಿಡಿದು ಅಗೆದ ಕಂದಕ ಇದು. ಕೈದಿಗಳೆಂದರೆ ಬಹುಪಾಲು ಸೈನ್ಯ ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದವರು. ಯುದ್ಧ ಬೇಡವೆಂದು ಓಡಿದವರ ಕೈಯಲ್ಲೇ ಯುದ್ಧದ ನಾಲೆ ತೋಡಿಸಿದ್ದಾರೆ. ಈಗ ಎರಡೂ ಬದಿ ಮರ ಬೆಳೆದು, ನಡುಹಗಲಲ್ಲೂ ಹಸಿರು ಕತ್ತಲೆ. ನೀರು ಅಲುಗುವುದಿಲ್ಲ.

ತಮ್ಮ ತನ್ನ ವೇಗದಲ್ಲಿ ಮುಂದೆ ಹೋಗಿಬಿಟ್ಟಿದ್ದ. ಆ ಕಂದಕದೊಳಗೆ ನಾನೊಬ್ಬಳೇ. ಅಷ್ಟರಲ್ಲಿ ಎದುರಿನಿಂದ ಗಂಡಸೊಬ್ಬ ನಡೆದು ಬರುವುದು ಕಾಣಿಸಿತು. ಕೈಯಲ್ಲಿ ಕೋಲು. ಹೈಸ್ಕೂಲಿನ ದಿನದ ಆ ತಿರುವು ಬೆನ್ನಿನಲ್ಲಿ ಎದ್ದಿತು, ಹ್ಯಾಂಡಲ್ ಬಿಗಿಯಾಗಿ ಹಿಡಿದೆ. ಹತ್ತಿರ ಬಂದಾಗ ನೋಡಿದರೆ ಎಪ್ಪತ್ತು ದಾಟಿದ ಮನುಷ್ಯ, ಹಿಂದೆ ಮುದಿ ನಾಯಿ. ‘ಬೊಂಜೂರ್ ಮದಾಮ್’ ಎಂದು ದಾರಿ ಬಿಟ್ಟು ನಿಂತ. ಕಂದಕದ ಕೊನೆಯಲ್ಲಿ ತಮ್ಮ ಕಾಯುತ್ತಿದ್ದ. ಮನುಷ್ಯ ಅಲ್ಲಿಯವರೆಗೆ ನನ್ನ ಜೊತೆಗೇ ತಿರುಗಿ ನಡೆದು ಬಂದ, ಮಾತಿಗೆ ಯಾರಾದರೂ ಸಿಕ್ಕರಲ್ಲ ಎನ್ನುವ ಸಂತೋಷದಲ್ಲಿ. ಇದು ಕೈದಿಗಳ ಬಿಡಾರವಿದ್ದ ಕಡೆ, ಅದು ನಾಲೆಗೆ ನೀರೂಡುವ ಕೆರೆಯ ದಿಕ್ಕು ಎಂದು ಕೋಲಿನಿಂದ ತೋರಿಸಿದ. ಅವನ ಅಜ್ಜಿಗೆ ಬ್ರೆಟನ್ ಭಾಷೆ ಬಿಟ್ಟು ಫ್ರೆಂಚ್ ಬರುತ್ತಲೇ ಇರಲಿಲ್ಲವಂತೆ. ಅಪ್ಪ ಶಾಲೆಯಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದು ಮರದ ಪಾದರಕ್ಷೆಯೊಂದನ್ನು ಕತ್ತಿಗೆ ನೇತುಹಾಕಿಕೊಂಡಿದ್ದನಂತೆ. ಮತ್ತೊಬ್ಬ ಹುಡುಗ ಸಿಕ್ಕಿಬೀಳುವವರೆಗೆ ಅದು ಅವನ ಕತ್ತಿನಲ್ಲೇ. 1977ರಿಂದ ದಿವಾನ್ ಎಂಬ ಬ್ರೆಟನ್ ಮಾಧ್ಯಮದ ಶಾಲೆಗಳು ನಡೆಯುತ್ತಿವೆ. ಊರ ಫಲಕಗಳಲ್ಲಿ ಎರಡೂ ಭಾಷೆಯಿದೆ. ಆದರೆ ತನ್ನ ಮೊಮ್ಮಗಳು ಶಾಲೆಯಲ್ಲಿ ಕಲಿತ ಬ್ರೆಟನ್ನಿನಲ್ಲಿ ಮಾತಾಡಿಸಿದರೆ ತನಗೆ ಉತ್ತರ ಹೊಳೆಯುವುದಿಲ್ಲ ಎಂದ. ಕನ್ನಡ ಮಾತಾಡಿದರೆ ದಂಡ ಹಾಕುವ ನಮ್ಮ ಶಾಲೆಗಳ ಬಗ್ಗೆ ತಮ್ಮ ಅವನಿಗೆ ಹೇಳಿದ. ಮನುಷ್ಯ ನಂಬಲಿಲ್ಲ. ‘ನಿಮ್ಮ ರಾಜ್ಯದಲ್ಲೇ? ನಿಮ್ಮವರೇ?’ ಎಂದು ಮತ್ತೆ ಮತ್ತೆ ಕೇಳಿದ.

ಗ್ವಾರೆಕ್ ಸಮೀಪ ಒಂದು ಲಾಕ್ ಮನೆಯ ಮುಂದೆ ಟೀ ಮಾರುತ್ತಿದ್ದರು. ಹಾಲು ಹಾಕಿದ ಟೀ! ಫ್ರಾನ್ಸಿನ ಹಳ್ಳಿಯಲ್ಲಿ ಇದೆಲ್ಲಿಂದ ಬಂತು ಎಂದು ನಿಂತರೆ, ನಡೆಸುತ್ತಿದ್ದವರು ಇಂಗ್ಲೆಂಡಿನ ನಿವೃತ್ತ ದಂಪತಿ. ಬ್ರಿಟನಿಯ ಒಳನಾಡಿನಲ್ಲಿ ಮನೆಗಳು ಅಗ್ಗ, ಎಷ್ಟೋ ಇಂಗ್ಲಿಷರು ಬಂದು ಕೊಂಡುಕೊಂಡಿದ್ದಾರೆ. ಇಂಗ್ಲಿಷರ ಕಣ್ಣು ತಪ್ಪಿಸಲು ತೋಡಿದ ನಾಲೆಯ ದಡದಲ್ಲಿ ಇಂಗ್ಲಿಷರೇ ಟೀ ಕಾಸುತ್ತಿದ್ದಾರೆ ಎಂದು ನಾನೆಂದಾಗ ಗಂಡ ಹೊಟ್ಟೆ ಹಿಡಿದು ನಕ್ಕ. ಹೆಂಡತಿ ನಗಲಿಲ್ಲ. ‘ನಾವೂ ಮುದುಕರು. ನಾವಾದ ಮೇಲೆ ಇದನ್ನು ಕೊಳ್ಳುವವರು ಯಾರೋ’ ಎಂದಳು.

ಆ ಮಾತಿನ ಬೆನ್ನಲ್ಲೇ ನನ್ನ ಕಣ್ಣು ಬೇರೆಯದನ್ನು ಹುಡುಕತೊಡಗಿತು. ಅದುವರೆಗೆ ಊರುಗಳಲ್ಲಿ ಇಗರ್ಜಿಯ ಗೋಪುರ, ಹೂವಿನ ಕುಂಡ, ಕಪ್ಪು ಕಲ್ಲುಹಲಗೆಯ ಮಾಡು ನೋಡುತ್ತಿದ್ದೆ. ಈಗ ಮುಚ್ಚಿದ ಕಿಟಕಿಗಳು ಕಂಡವು. ‘ಮಾರಾಟಕ್ಕಿದೆ’ ಫಲಕಗಳು ಕಂಡವು. ಒಂದು ಊರಿನಲ್ಲಿ ಬ್ರೆಡ್ ಕೊಳ್ಳೋಣವೆಂದು ಬೇಕರಿ ಹುಡುಕಿದರೆ, ಬೇಕರಿ ಎಂಬ ಬಣ್ಣ ಮಾಸಿದ ಅಕ್ಷರ ಗೋಡೆಯ ಮೇಲಿದೆ, ಬಾಗಿಲಿಗೆ ಹಲಗೆ ಹೊಡೆದಿದೆ. ಪಕ್ಕದಲ್ಲಿ ಒಂದು ಯಂತ್ರ. ಕಾಸು ಹಾಕಿದರೆ ಉದ್ದನೆಯ ಬಾಗೆತ್ ಕೆಳಕ್ಕೆ ಬೀಳುತ್ತದೆ. ಬ್ರೆಡ್ ಚೆನ್ನಾಗಿಯೇ ಇತ್ತು. ತಿನ್ನುತ್ತಾ ಚೌಕದಲ್ಲಿ ಎಷ್ಟೋ ಹೊತ್ತು ಕೂತೆವು. ಒಬ್ಬರೂ ಹಾಯಲಿಲ್ಲ.

ಬೊಂ-ರೆಪೊ ಎಂಬಲ್ಲಿ 1184ರಲ್ಲಿ ಕಟ್ಟಿಸಿದ ಕ್ರೈಸ್ತ ಸನ್ಯಾಸಿಗಳ ಮಠವಿದೆ. ಮಠದ ಆಚೆ ದಾರಿ ನಾಲೆಯನ್ನು ಬಿಟ್ಟು ಮೇಲಕ್ಕೆ, ಮತ್ತೆ ಹಳೇ ರೈಲು ಹಾದಿಗೆ ಹತ್ತುತ್ತದೆ. ನಾಲೆ ಎಲ್ಲಿ ಹೋಯಿತು ಎಂದರೆ, ನೀರಿನ ಕೆಳಗೆ. 1923ರಿಂದ 1930ರವರೆಗೆ ಗೆರ್ಲೆದಾಂನಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದರು. ಹದಿನೇಳು ಲಾಕ್‌ಗಳು, ಅವುಗಳ ಮನೆಗಳು ಮುಳುಗಿದವು. ನಾಲೆ ಎರಡು ತುಂಡಾಯಿತು. ನಾಂತ್‌ನಿಂದ ಬ್ರೆಸ್ಟ್‌ವರೆಗೆ ದೋಣಿ ಹೋಗುವ ಮಾತು ಅಲ್ಲಿಗೆ ಮುಗಿಯಿತು. 2015ರಲ್ಲಿ ಕಟ್ಟೆಯ ತಪಾಸಣೆಗೆಂದು ಸರೋವರ ಖಾಲಿ ಮಾಡಿದಾಗ, ಕೆಸರಿನಿಂದ ಲಾಕ್‌ಗಳು, ಗೋಡೆಗಳು, ಕರಿಕಾದ ಮರದ ಬೊಡ್ಡೆಗಳು ಎದ್ದುಬಂದವು. ನೋಡಲು ಜನ ಜಾತ್ರೆಯಾಗಿ ಬಂದರು. ತಮ್ಮನೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದನಂತೆ.

‘ನಮ್ ಕನ್ನಂಬಾಡಿ ದೇವಸ್ಥಾನ ಎದ್ದಾಗ ಹೋದಂಗೇ ಕಣಕ್ಕ’ ಎಂದ. ಕೃಷ್ಣರಾಜಸಾಗರ ಕಟ್ಟಿದಾಗ ಹಳೇ ಕನ್ನಂಬಾಡಿ ಮುಳುಗಿತು. ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಬರಗಾಲದ ವರ್ಷ ನೀರು ತಳ ಕಂಡಾಗ ಅದು ಹೊರಗೆ ಕಾಣಿಸಿ, ನಾವು ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದೆವು. ಆಮೇಲೆ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ಹೋಲಿಕೆ ಸರಿ. ಆದರೆ ಕನ್ನಂಬಾಡಿ ಮುಳುಗಿದ ನೀರು ನಮ್ಮೂರಿಗೆ ಬಂತು. ನಾಲೆಯಾಗಿ, ತೂಬಾಗಿ, ಗದ್ದೆಯಾಗಿ, ಸಕ್ಕರೆ ಕಾರ್ಖಾನೆಯಾಗಿ ಬಂತು. ಊರು ತುಂಬಿತು. ನಾಲೆಯ ಮೇಲೆ ಅಷ್ಟು ಗಲಾಟೆ ಇರುವುದು ಅದಕ್ಕೇ. ಆ ಗಲಾಟೆಗೂ ಬೆಲೆಯಿದೆ: 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಮಕ್ಕಳೂ ಇದ್ದರು. ನಮ್ಮ ಏರಿಯ ಮೇಲೆ ಒಬ್ಬರೂ ಆರಾಮಾಗಿ ಸೈಕಲ್ ತುಳಿಯಲಾರರು ಎಂದು ಕೊರಗುವುದು ಸುಲಭ. ಬ್ರಿಟನಿಯ ಏರಿ ಆರಾಮಾಗಿರುವುದು ಅದಕ್ಕೀಗ ಬೇರೆ ಕೆಲಸವಿಲ್ಲದ್ದರಿಂದ ಎನ್ನುವುದನ್ನೂ ಜೊತೆಗೇ ಹೇಳಬೇಕಾಗುತ್ತದೆ. ಯುದ್ಧ ಬಿಟ್ಟುಹೋದ ನಾಲೆ, ನಾಲೆಯನ್ನು ಸೋಲಿಸಿದ ರೈಲು, ರೈಲನ್ನು ಸೋಲಿಸಿದ ಮೋಟಾರು. ಸೋತು ಬಿಟ್ಟುಹೋದ ದಾರಿಗಳನ್ನೇ ಆರಿಸಿ ಸೈಕಲ್ಲಿನವರಿಗೆ ಕೊಟ್ಟಿದ್ದಾರೆ.

ಪೊಂತಿವಿ ಬೇಗ ಹಿಂದೆ ಬಿತ್ತು. ಹಳೇ ಪೇಟೆಯ ಪಕ್ಕದಲ್ಲಿ ನೆಪೋಲಿಯನ್ ನೇರ ಬೀದಿಗಳ ಹೊಸ ಪಟ್ಟಣ ಕಟ್ಟಿಸಿ ತನ್ನ ಹೆಸರಿಟ್ಟಿದ್ದ. ಆ ಹೆಸರು ಉಳಿಯಲಿಲ್ಲ, ಬೀದಿಗಳು ಉಳಿದಿವೆ. ಅಲ್ಲಿಂದ ರೊಆಂ ಕಡೆಗೆ ದಿಣ್ಣೆ ದಾಟುವಲ್ಲಿ ಲಾಕ್‌ಗಳು ಕೂಗಳತೆಗೆ ಒಂದರಂತೆ ಬರುತ್ತವೆ. ಇಷ್ಟು ಬಾಗಿಲು ತೆರೆದು ಮುಚ್ಚುತ್ತಾ ಸರಕು ಒಯ್ಯುವುದಕ್ಕಿಂತ ಹೊತ್ತು ನಡೆಯುವುದೇ ಬೇಗ ಎನ್ನಿಸಿತು. ಆದರೂ ಈ ನಾಲೆ ಒಂದು ಕಾಲಕ್ಕೆ ದುಡಿದಿದೆ. ಒಳನಾಡಿನ ಹುಳಿ ಮಣ್ಣಿಗೆ ಸುಣ್ಣ, ಗೊಬ್ಬರ, ಸಮುದ್ರದ ಮರಳು ಬಂದದ್ದು, ಗಣಿಯ ಕಲ್ಲುಹಲಗೆ ಹೊರಗೆ ಹೋದದ್ದು ಇದರ ಮೇಲೇ.

ಜೋಸ್ಲಾಂನಲ್ಲಿ ಮೂರು ದುಂಡು ಗೋಪುರಗಳ ಕೋಟೆ ನೇರ ನೀರಿನಿಂದಲೇ ಎದ್ದು ನಿಂತಿದೆ. ಎಲ್ಲರೂ ಫೋಟೋ ತೆಗೆಯುವುದು ಅದನ್ನೇ. ನನಗೆ ಈಗಲೂ ಕಾಡುವುದು ಅದರಿಂದ ಕೆಲವು ಲಾಕ್ ಆಚೆ ಸಿಕ್ಕ ಅಜ್ಜಿ. ಲಾಕ್ ಮನೆಯ ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. ನೀರು ಕೇಳಿದೆವು. ಬಾಟಲಿ ತುಂಬಿಸಿಕೊಟ್ಟು, ನಮ್ಮನ್ನು ಕೂರಿಸಿ, ಪಕ್ಕದ ಮರದ ಚೆರಿ ಹಣ್ಣು ತಂದಿಟ್ಟಳು. ಅವಳ ಅಪ್ಪ ಇದೇ ನಾಲೆಯಲ್ಲಿ ಲಾಕ್ ಕಾಯುವವನಾಗಿದ್ದ. ಅಪ್ಪ ದಂಡೆ ರಿಪೇರಿಗೆ ಹೋದರೆ ಬಾಗಿಲ ಕೆಲಸ ಅಮ್ಮನ ಪಾಲಿಗೆ. ಅವಳು ಹುಟ್ಟುವ ಹೊತ್ತಿಗೆ ಸರಕಿನ ದೋಣಿಗಳು ಇಳಿಮುಖವಾಗಿದ್ದವು. ಆದರೂ ದೋಣಿ ಸಂಸಾರಗಳ ಮಕ್ಕಳು ಒಂದು ರಾತ್ರಿ ಇಲ್ಲಿ ತಂಗಿದರೆ ಊರಿಗೆಲ್ಲ ಸುದ್ದಿ. ಕುದುರೆಗೆ ಕಾಸಿಲ್ಲದವರ ದೋಣಿಯನ್ನು ಗಂಡ ಹೆಂಡತಿ ಎದೆಗೆ ಪಟ್ಟಿ ಕಟ್ಟಿಕೊಂಡು ತಾವೇ ಎಳೆಯುತ್ತಿದ್ದುದನ್ನು ಅವಳ ಅಜ್ಜಿ ಹೇಳುತ್ತಿದ್ದಳಂತೆ.

ಸಿಂಗಾರದ ದಾರಿಯಂತೆ ನಾವು ತುಳಿದುಬಂದ ಗರಸನ್ನು ನೋಡಿದೆ. ಎದೆಗೆ ಪಟ್ಟಿ ಕಟ್ಟಿದ ಹೆಂಗಸಿನ ಕಾಲು ಬಿದ್ದ ಜಾಗವೂ ಇದೇ.

ನಾನು ಒಂದು ಮಾತು ಕೇಳಿಸಿದೆ: ಚಿಕ್ಕವಳಿದ್ದಾಗ ಈ ಏರಿಯ ಮೇಲೆ ಒಬ್ಬಳೇ ಓಡಾಡಲು ಹೆದರಿಕೆ ಆಗುತ್ತಿರಲಿಲ್ಲವೇ? ತಮ್ಮ ಸ್ವಲ್ಪ ಅನುಮಾನಿಸಿಯೇ ಕೇಳಿದ. ಅಜ್ಜಿ ಹುರುಳಿಕಾಯಿ ಬಿಟ್ಟು ನನ್ನ ಕಡೆ ತಿರುಗಿದಳು. ‘ಆಗುತ್ತಿತ್ತು. ಕುಡಿದ ದೋಣಿಯವರಿರುತ್ತಿದ್ದರು. ಕತ್ತಲಾದ ಮೇಲೆ ಅಮ್ಮ ಹೊರಗೆ ಬಿಡುತ್ತಿರಲಿಲ್ಲ.’ ಈಗ? ‘ಈಗ ಹೆದರುವುದಕ್ಕೆ ಯಾರೂ ಇಲ್ಲ’ ಎಂದಳು. ಆಮೇಲೆ ಒಂದು ಕಾಯಿ ಬಿಡಿಸಿ, ‘ಕೂಗಿದರೆ ಬರುವುದಕ್ಕೂ ಯಾರೂ ಇಲ್ಲ. ಹೋದ ಚಳಿಗಾಲ ಮೆಟ್ಟಿಲ ಮೇಲೆ ಬಿದ್ದಿದ್ದೆ. ಅಂಚೆಯವಳು ಬರುವವರೆಗೆ ಹಾಗೇ ಇದ್ದೆ.’

ನಮ್ಮ ಜೊತೆ ಲಾಕ್ ತನಕ ಬಂದು, ಮೇಲಿನ ಬಾಗಿಲ ತೊಲೆಗೆ ಹೇಗೆ ಬೆನ್ನು ಕೊಟ್ಟು ತಳ್ಳಬೇಕೆಂದು ತೋರಿಸಿದಳು. ನಾನು ತಳ್ಳಿದರೆ ಅದು ಅಲುಗಲಿಲ್ಲ.

ಆ ಹೊತ್ತಿಗೆ ನಾನು ಹಿಂದಿರುಗಿ ನೋಡುವುದನ್ನು ಬಿಟ್ಟಿದ್ದೆ. ತಮ್ಮ ಮುಂದೆ ಹೋದರೆ ಹೋಗಲಿ ಎಂದು ನಾನೊಬ್ಬಳೇ ಗಂಟೆಗಟ್ಟಲೆ ತುಳಿದೆ. ಕೊಕ್ಕರೆಗಳು ನೀರಿನಂಚಿನಲ್ಲಿ ನಿಂತು ನೋಡುತ್ತಿದ್ದವು. ಐವತ್ತು ದಾಟಿದ ಹೆಣ್ಣಿಗೆ, ಖಾಲಿ ದಾರಿಯಲ್ಲಿ ಹೆಗಲು ಸಡಿಲ ಬಿಟ್ಟು ಹಾಡಿಕೊಂಡು ಹೋಗುವುದು ಎಂಥ ಸುಖ ಎಂದು ಗಂಡಸರಿಗೆ ಹೇಳಿ ತಿಳಿಸಲಾರೆ. ಆ ಸುಖವನ್ನು ನಾನು ಬಿಟ್ಟುಕೊಡುವುದಿಲ್ಲ. ಅಜ್ಜಿ ಮೆಟ್ಟಿಲ ಮೇಲೆ ಬಿದ್ದದ್ದೂ ಇದೇ ಖಾಲಿ ದಾರಿಯ ಪಕ್ಕದಲ್ಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬರುತ್ತಿಲ್ಲ.

ಮಾಲೆತ್ರುವಾದಲ್ಲಿ ಹಳೇ ಮನೆಯೊಂದರ ಮರದ ಕೆತ್ತನೆಯಲ್ಲಿ ಹಂದಿಯೊಂದು ನೂಲುತ್ತಾ ಕೂತಿದೆ. ಅದರ ಆಚೆ ಇಡೀ ದಾರಿಯಲ್ಲಿ ಕಂಡ ಒಂದೇ ಮೋಟಾರು ಗಾಡಿ ಎದುರಾಯಿತು. ಜಲ್ಲಿಪುಡಿ ತುಂಬಿದ ಸಣ್ಣ ಲಾರಿ, ಹಿಂದೆ ರೋಲರ್. ಚಳಿಗಾಲದಲ್ಲಿ ಊಸ್ತ್ ನದಿ ಉಕ್ಕಿ ಕೊರೆದುಹೋದ ಜಾಗವನ್ನು ಇಬ್ಬರು ಕೆಲಸಗಾರರು ತುಂಬುತ್ತಿದ್ದರು. ಪ್ರತಿ ವರ್ಷ ಇದೇ ಕೆಲಸವಂತೆ. ಬಿಟ್ಟರೆ ಮೂರು ಮಳೆಗಾಲಕ್ಕೆ ಮುಳ್ಳುಕಂಟಿ ದಾರಿ ನುಂಗುತ್ತದೆ ಎಂದರು. ಸರ್ಕಾರದ ದುಡ್ಡು ಬಿದ್ದರೆ ಮಾತ್ರ ದಾರಿ ದಾರಿಯಾಗಿರುತ್ತದೆ.

ರದೋಂ ಊರು ಇನ್ನೇನು ಬಂತು ಎನ್ನುವಾಗ ದಂಡೆಯ ಮೇಲೆ ಒಂದು ಕೆಫೆ ಸಿಕ್ಕಿತು. ರೆನ್‌ನಲ್ಲಿ ಕೆಲಸ ಬಿಟ್ಟು ಬಂದ ಎಳೇ ಜೋಡಿ ಖಾಲಿಬಿದ್ದ ಮನೆ ಹಿಡಿದು ನಡೆಸುತ್ತಿದ್ದರು. ಸೈಕಲ್ಲಿನವರಿಂದ ಬೇಸಿಗೆ ಸಾಗುತ್ತದೆ, ಚಳಿಗಾಲಕ್ಕೆ ಊರಿನವರು ಬೇಕು, ಊರಿನಲ್ಲಿ ಇರುವವರೇ ಕಮ್ಮಿ ಎಂದಳು ಹುಡುಗಿ. ಅವಳ ಮಗಳು ಓದುವ ಶಾಲೆಯಲ್ಲಿ ಒಂದು ತರಗತಿ ಮುಚ್ಚುವ ಮಾತು ನಡೆದಿದೆ. ಇನ್ನಿಬ್ಬರು ಮಕ್ಕಳು ಸೇರಿದರೆ ಉಳಿದೀತು. ಆಮೇಲೆ ತಮ್ಮನ ಕಡೆ ನೋಡಿ ನಗುತ್ತಾ ಏನೋ ಕೇಳಿದಳು. ಅವನು ಕಿವಿ ಕೆಂಪು ಮಾಡಿಕೊಂಡು ನಕ್ಕ, ನನಗೆ ಹೇಳಲೇ ಇಲ್ಲ. ರೈಲಿನಲ್ಲಿ ಕೂತ ಮೇಲೆ ಬಾಯಿಬಿಟ್ಟ: ‘ನಿಂಗೆ ಎಷ್ಟು ಮಕ್ಳು ಅಂತ ಕೇಳಿದ್ಲು ಅಕ್ಕ. ಇಬ್ರು ಅಂದೆ. ಹಂಗಾದ್ರೆ ಇಲ್ಲಿಗೇ ಬಂದ್ಬಿಡಿ ಅಂದ್ಲು.’ ರೆನ್ ತಲುಪುವವರೆಗೂ ಅವನು ಫೋನಿನಲ್ಲಿ ಆ ಊರಿನ ಮನೆಗಳ ಬೆಲೆ ನೋಡುತ್ತಿದ್ದ.

ಊರಿಗೆ ಬಂದವಳು ಚಿಕ್ಕಮ್ಮನನ್ನು ನೋಡಲು ಹೋದೆ. ಚಿಕ್ಕಪ್ಪ ಹೋದ ಮೇಲೆ ಅವಳು ತೊಟ್ಟಿಮನೆಯಲ್ಲಿ ಒಬ್ಬಳೇ. ಮಗ ಕೊಟ್ಟ ಚಾಕೊಲೇಟು, ಉಪ್ಪು ಬೆಣ್ಣೆಯ ಬಿಸ್ಕತ್ತು ಕೊಟ್ಟೆ. ಮೊಮ್ಮಕ್ಕಳ ಫೋಟೋ ತೋರಿಸಿದೆ. ಅಲ್ಲಿನ ಹಳ್ಳಿಗಳು ಬರಿದಾಗುತ್ತಿರುವುದು, ಶಾಲೆ ಮುಚ್ಚುವುದು, ನಿನ್ನ ಮಗ ಹಳ್ಳಿಯಲ್ಲಿ ಮನೆ ನೋಡುತ್ತಿರುವುದು ಎಲ್ಲ ಹೇಳಿದೆ. ಅವಳು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ, ಅರ್ಧ ತಿಂದು, ತಟ್ಟೆಗಿಟ್ಟಳು.

‘ಹಳ್ಳೀಲೇ ಇರೋದಾಗಿದ್ರೆ, ಇಲ್ಲೇನ್ ಕಮ್ಮಿಯಾಗಿತ್ತವ್ವ ಅವ್ನಿಗೆ?’ ಎಂದಳು.